ಹಳೇ ಕಂಪ್ಯೂಟರಿಗೆ ಪುಕ್ಕಟೆ ಆಫೀಸ್: ಕನ್ನಡದಲ್ಲಿ ಕೆಲಸ ಮಾಡುವವರು ಏನು ಹಾಕಿಕೊಳ್ಳಬೇಕು, ಹೇಗೆ

ಹತ್ತು ಹನ್ನೆರಡು ವರ್ಷ ಹಳೇ ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಇದೆ. ಅದರಲ್ಲಿ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಒಂದು ಅರ್ಜಿ, ಒಂದು ಪತ್ರ, ಶಾಲೆಯ ಅಂಕಪಟ್ಟಿ, ಸಂಘದ ಜಮಾ-ಖರ್ಚು, ಅಂಗಡಿಯ ಬಿಲ್ಲು. ಇಷ್ಟಕ್ಕೆ ಹೊಸ ಮೆಷಿನ್ ಬೇಡ, ವರ್ಷಾವರ್ಷ ದುಡ್ಡು ಕಟ್ಟುವ ಸಾಫ್ಟ್‌ವೇರೂ ಬೇಡ.

ನೆಟ್‌ನಲ್ಲಿ ಹುಡುಕಿದರೆ ಪುಕ್ಕಟೆ ಆಫೀಸ್ ಸಾಫ್ಟ್‌ವೇರುಗಳ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ನಮಗೆ ಬೇಕಾದ ಪ್ರಶ್ನೆಯನ್ನೇ ಕೇಳುವುದಿಲ್ಲ: ಕನ್ನಡ ಸರಿಯಾಗಿ ಮೂಡುತ್ತಾ? ಒತ್ತಕ್ಷರ ಕೂಡುತ್ತಾ? ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮಾಡಿದ ಹಳೇ ಫೈಲು ತೆರೆಯುತ್ತಾ? ಇಂಗ್ಲಿಷ್‌ನಲ್ಲಿ ಮಾತ್ರ ಕೆಲಸ ಮಾಡುವವರಿಗೆ ಐದಾರು ದಾರಿ ಇವೆ. ಕನ್ನಡ ಬೇಕೇ ಬೇಕು ಅನ್ನುವವರಿಗೆ ದಾರಿ ಕಡಿಮೆ, ಆದರೆ ಇರುವ ದಾರಿ ಚೆನ್ನಾಗಿಯೇ ಇದೆ. ನಾನು ಬಹಳ ಮಂದಿಗೆ ಹೇಳುವುದು ಲಿಬ್ರೆಆಫೀಸ್. ಯಾವ ವರ್ಷನ್, ಹಾಕಿದ ಮೇಲೆ ಏನೇನು ತಿರುಗಿಸಬೇಕು, ಅದೂ ಓಡದಷ್ಟು ಹಳೇ ಮೆಷಿನ್ ಆದರೆ ಏನು ಮಾಡಬೇಕು, ಇದನ್ನೇ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ. ಕ್ರ್ಯಾಕ್ ಮಾಡಿದ ಎಂಎಸ್ ಆಫೀಸ್ ಹಾಕಿಕೊಂಡು ಕೂತಿದ್ದರೆ ತೆಗೆದುಬಿಡಿ. ಕಾನೂನಿನ ವಿಷಯ ಹಾಗಿರಲಿ, ಅದನ್ನು ಆಕ್ಟಿವೇಟ್ ಮಾಡಲು ಬರುವ ಪುಟ್ಟ ಪ್ರೋಗ್ರಾಮ್ ಇದೆಯಲ್ಲ, ಅದನ್ನು ಓಡಿಸಲು ಆಂಟಿವೈರಸ್ ಆಫ್ ಮಾಡಿ ಅಂತಾರೆ. ಅಲ್ಲೇ ಗೊತ್ತಾಗಬೇಕು ಅಲ್ವಾ? ಮೆಷಿನ್ ಸುಮ್ಸುಮ್ನೆ ನಿಧಾನ ಆಗಿದ್ದರೆ ಅದಕ್ಕೆ ಕಾರಣ ಎಷ್ಟೋ ಸಲ ಹಳೇ ಹಾರ್ಡ್‌ವೇರ್ ಅಲ್ಲ, ಇಂಥದ್ದರ ಜೊತೆ ಒಳಗೆ ಸೇರಿಕೊಂಡ ಕಸ.

ಮೊದಲು ಮೆಷಿನ್ ನೋಡಿ

ಡೆಸ್ಕ್‌ಟಾಪಿನಲ್ಲಿ ಮೈ ಕಂಪ್ಯೂಟರ್ (ಹೊಸ ವಿಂಡೋಸ್‌ನಲ್ಲಿ ದಿಸ್ ಪಿಸಿ) ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿ. ಮೂರು ವಿಷಯ ಬರೆದುಕೊಳ್ಳಿ. ಯಾವ ವಿಂಡೋಸ್, ಎಷ್ಟು ರ‍್ಯಾಮ್, ಸಿಸ್ಟಂ ಟೈಪ್ 32-ಬಿಟ್ಟೋ 64-ಬಿಟ್ಟೋ. ವಿಂಡೋಸ್ 7 ಇದ್ದರೆ ಅದೇ ಪುಟದಲ್ಲಿ ಸರ್ವಿಸ್ ಪ್ಯಾಕ್ 1 ಅಂತ ಇದೆಯಾ ಅನ್ನುವುದನ್ನೂ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಹಾಕಬೇಕು. ಅದಿಲ್ಲದೆ ಮುಂದಿನದು ಯಾವುದೂ ನಡೆಯುವುದಿಲ್ಲ.

ಈಗ ಲೆಕ್ಕ ಹೀಗೆ. ವಿಂಡೋಸ್ 10 ಇದ್ದು, 64-ಬಿಟ್ ಆಗಿದ್ದು, 4 ಜಿಬಿ ರ‍್ಯಾಮ್ ಇದ್ದರೆ ನಿಮಗೆ ಯೋಚನೆಯೇ ಇಲ್ಲ, ಹೊಸ ಲಿಬ್ರೆಆಫೀಸ್ ನೇರ ಹಾಕಿ. ವಿಂಡೋಸ್ 7 ಅಥವಾ 8.1 ಇದ್ದರೆ ಲಿಬ್ರೆಆಫೀಸ್ 25.2 ಹಾಕಬೇಕು, ಯಾಕೆಂದರೆ 25.8ರಿಂದ ಈಚೆಗೆ ಅವರು ಈ ಹಳೇ ವಿಂಡೋಸ್‌ಗಳನ್ನು ಕೈಬಿಟ್ಟರು. 32-ಬಿಟ್ ವಿಂಡೋಸ್ ಇದ್ದರೂ 25.2ರ 32-ಬಿಟ್ ಪ್ಯಾಕೇಜೇ ಸಲೀಸು. ಈ ನಂಬರು ನೋಡಿ ಗಲಿಬಿಲಿ ಆಗಬೇಡಿ. 2024ರಿಂದ ಅವರು ವರ್ಷ ಮತ್ತು ತಿಂಗಳನ್ನೇ ವರ್ಷನ್ ನಂಬರ್ ಮಾಡಿದ್ದಾರೆ. 25.2 ಅಂದರೆ 2025ರ ಫೆಬ್ರವರಿಯದು.

ಎಕ್ಸ್‌ಪಿ ಇನ್ನೂ ಇಟ್ಟುಕೊಂಡವರಿಗೆ ಲಿಬ್ರೆಆಫೀಸ್ 5.4 ಕೊನೆ. ಅದು 2017ರದು. ಹಾಕಬಹುದು, ಆದರೆ ಆ ಮೆಷಿನ್ನಿಗೆ ಇಂಟರ್ನೆಟ್ ಕೊಡಬೇಡಿ, ಬರೀ ಟೈಪಿಂಗ್‌ಗೆ ಇಟ್ಟುಕೊಳ್ಳಿ.

ಲಿಬ್ರೆಆಫೀಸಿನವರು ತಮ್ಮ ಕಡೆಯಿಂದ ಹೇಳುವ ಕನಿಷ್ಠ ರ‍್ಯಾಮ್ 256 ಎಂಬಿ, 512 ಇದ್ದರೆ ಒಳ್ಳೆಯದು ಅಂತಾರೆ. ಅದನ್ನು ನಂಬಿಕೊಂಡು ಕೂರಬೇಡಿ. ತೆರೆಯುತ್ತದೆ ಅನ್ನುವುದು ನಿಜ, ಕೆಲಸ ಮಾಡಲು ತಾಳ್ಮೆ ಬೇಕು. 2 ಜಿಬಿಯಲ್ಲಿ ಪತ್ರ ವ್ಯವಹಾರ ಆರಾಮಾಗಿ ನಡೆಯುತ್ತದೆ, ಪಕ್ಕದಲ್ಲಿ ಬ್ರೌಸರ್‌ನ ಹತ್ತು ಟ್ಯಾಬ್ ತೆರೆದಿರಬಾರದು ಅಷ್ಟೆ. ಡಿಸ್ಕಿನಲ್ಲಿ 1.5 ಜಿಬಿ ಜಾಗ ಖಾಲಿ ಇರಲಿ.

ದುಡ್ಡು ಹಾಕುವುದೇ ಆದರೆ ಸಾಫ್ಟ್‌ವೇರಿಗೆ ಹಾಕಬೇಡಿ, ಒಂದು ಚಿಕ್ಕ ಎಸ್‌ಎಸ್‌ಡಿಗೆ ಹಾಕಿ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರೆ ಆಗುವ ವ್ಯತ್ಯಾಸ ಬೇರೆ ಯಾವ ಸೆಟ್ಟಿಂಗ್‌ನಿಂದಲೂ ಆಗುವುದಿಲ್ಲ. ಹಳೇ ಲ್ಯಾಪ್‌ಟಾಪುಗಳ ಡಿಡಿಆರ್3 ರ‍್ಯಾಮ್ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಬಿಚ್ಚಿದ ಹಳೇ ರ‍್ಯಾಮ್ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ, ಬಾಯಲ್ಲಿ ಹೇಳಿ ತರಬೇಡಿ.

ಬೇರೆಯವು ಯಾಕೆ ಬೇಡ

ಅಪಾಚೆ ಓಪನ್‌ಆಫೀಸ್ ಅಂತ ಒಂದಿದೆ, ಹೆಸರು ಹಳೇದು, ಹಾಗಾಗಿ ಇವತ್ತಿಗೂ ಜನ ಅದನ್ನೇ ಇಳಿಸಿಕೊಳ್ಳುತ್ತಾರೆ. ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸಿನಿಂದಲೇ ಒಡೆದು ಬೇರೆಯಾದದ್ದು. ಒಳ್ಳೆಯ ಕೆಲಸಗಾರರು ಹೆಚ್ಚಿನವರು ಈ ಕಡೆ ಬಂದರು. ಓಪನ್‌ಆಫೀಸ್ 4.1 ಬಂದದ್ದು 2014ರಲ್ಲಿ, ಆಮೇಲೆ ಬಂದದ್ದೆಲ್ಲ ಸಣ್ಣಪುಟ್ಟ ರಿಪೇರಿ. ಮುಖ್ಯವಾಗಿ ಅದು ವರ್ಡ್‌ನ ಈಗಿನ .docx ಮಾದರಿಯ ಫೈಲನ್ನು ತೆರೆಯುತ್ತದೆ, ಆದರೆ ಆ ಮಾದರಿಯಲ್ಲಿ ಸೇವ್ ಮಾಡುವುದಿಲ್ಲ. ಎಲ್ಲರೂ ವರ್ಡ್ ಫೈಲ್ ಕಳಿಸಿ ಅನ್ನುವ ಕಾಲದಲ್ಲಿ ಇದೊಂದೇ ಸಾಕು ಬೇಡ ಅನ್ನಲು.

ಜರ್ಮನಿಯ ಸಾಫ್ಟ್‌ಮೇಕರ್ ಕಂಪನಿಯ ಫ್ರೀಆಫೀಸ್ ಹಗುರ, ಚುರುಕು, ನೋಡಲು ವರ್ಡ್ ಥರವೇ ಇದೆ. ಓನ್ಲಿಆಫೀಸ್ ಕೂಡ ವರ್ಡ್ ಫೈಲಿನ ಅಂದ ಕೆಡದಂತೆ ತೋರಿಸುತ್ತದೆ, ಆದರೆ ಅದು ಒಳಗೊಳಗೆ ಒಂದು ಬ್ರೌಸರನ್ನೇ ಓಡಿಸುವುದರಿಂದ 2 ಜಿಬಿ ಮೆಷಿನ್ನಿಗೆ ಭಾರ. ಇವೆರಡರಲ್ಲಿ ಯಾವುದನ್ನು ಹಾಕುವುದಾದರೂ ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ಪುಟದಲ್ಲಿ ಈ ಪದಗಳನ್ನು ಟೈಪ್ ಮಾಡಿ: ರಾಷ್ಟ್ರ, ಸ್ತ್ರೀ, ಸೂರ್ಯ, ಜ್ಞಾನ, ಕ್ಷೇತ್ರ, ವೈದ್ಯ, ರಾಜ್‌ಕುಮಾರ್. ಅರ್ಕಾವತ್ತು ತನ್ನ ಜಾಗದಲ್ಲಿ ಇದೆಯಾ? ರಾಷ್ಟ್ರದ ಎರಡು ಒತ್ತೂ ಕೆಳಗೆ ಬಂತಾ, ಇಲ್ಲ ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಂತಿತಾ? ರಾಜ್‌ಕುಮಾರ್‌ನ ಜ್ ಪೂರ್ತಿಯಾಗಿ ನಿಂತಿತಾ, ಇಲ್ಲ ಕ ಅದರ ಕೆಳಗೆ ಒತ್ತಾಗಿ ಹೋಯಿತಾ? ಆಮೇಲೆ ಅದನ್ನೇ ಪಿಡಿಎಫ್ ಮಾಡಿ ಮತ್ತೆ ನೋಡಿ. ತೆರೆಯ ಮೇಲೆ ಸರಿಯಿದ್ದು ಪಿಡಿಎಫ್‌ನಲ್ಲಿ ಒಡೆಯುವುದೂ ಉಂಟು. ಎರಡರಲ್ಲೂ ಪಾಸಾದರೆ ಧಾರಾಳವಾಗಿ ಇಟ್ಟುಕೊಳ್ಳಿ.

ಗೂಗಲ್ ಡಾಕ್ಸ್ ವಿಷಯ ಬೇರೆ. ಅದು ಬ್ರೌಸರಿನಲ್ಲಿ ಓಡುವುದರಿಂದ ಹಾಕಿಕೊಳ್ಳುವುದು ಏನೂ ಇಲ್ಲ, ಕನ್ನಡವೂ ಚೆನ್ನಾಗಿ ಬರುತ್ತದೆ. ತೊಂದರೆ ಬ್ರೌಸರಿನದು. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್ 109ಕ್ಕೇ ನಿಂತಿದೆ, ಅದು 2023ರ ಜನವರಿಯದು. ಫೈರ್‌ಫಾಕ್ಸ್ 115ರ ಇಎಸ್‌ಆರ್‌ಗೆ, ಅಂದರೆ ಹೆಚ್ಚು ಕಾಲ ರಿಪೇರಿ ಸಿಗುವ ಆವೃತ್ತಿಗೆ, ನಿಂತಿದೆ. ಇವುಗಳಲ್ಲಿ ದೊಡ್ಡ ಡಾಕ್ಯುಮೆಂಟ್ ತೆರೆದರೆ ಫ್ಯಾನ್ ಜೋರಾಗಿ ತಿರುಗಲು ಶುರು. ನಾನು ಅದನ್ನು ಬಳಸುವುದು ಬೇರೆ ರೀತಿ. ಫೋನಿನಲ್ಲಿ ಗೂಗಲ್ ಡಾಕ್ಸ್ ತೆರೆದು, ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ ಉದ್ದದ ಪತ್ರವನ್ನು ಅಲ್ಲೇ ಬರೆಸಿಬಿಡುವುದು. ಆಮೇಲೆ ಅದನ್ನು ಕಂಪ್ಯೂಟರಿನಲ್ಲಿ ವರ್ಡ್ ಫೈಲಾಗಿ ಇಳಿಸಿಕೊಂಡು, ಲಿಬ್ರೆಆಫೀಸಿನಲ್ಲಿ ತಿದ್ದಿ, ಪ್ರಿಂಟ್ ತೆಗೆಯುವುದು. ಟೈಪಿಂಗ್ ಕಷ್ಟ ಅನ್ನುವ ಹಿರಿಯರಿಗೆ ಇದು ತುಂಬಾ ಹಿಡಿಸುತ್ತದೆ.

ಇಳಿಸಿಕೊಳ್ಳುವುದು, ಹಾಕುವುದು

ಲಿಬ್ರೆಆಫೀಸನ್ನು ಅದರ ಸ್ವಂತ ಸೈಟಿನಿಂದಲೇ ತೆಗೆದುಕೊಳ್ಳಿ: ಲಿಬ್ರೆಆಫೀಸ್ ಡಾಟ್ ಆರ್ಗ್. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕುಗಳನ್ನು ಒತ್ತಬೇಡಿ. ದುಡ್ಡು ಕೇಳಿದರೆ ಅದು ದೇಣಿಗೆ, ಕೊಡದೇ ಇದ್ದರೂ ಡೌನ್‌ಲೋಡ್ ಆಗುತ್ತದೆ. ಹಳೇ ವರ್ಷನ್ ಬೇಕಾದವರು ಅದೇ ಸೈಟಿನ ಡೌನ್‌ಲೋಡ್ ಪುಟದಲ್ಲಿ ಹಳೇ ವರ್ಷನ್‌ಗಳ ಆರ್ಕೈವ್ ಕೊಂಡಿ ಹುಡುಕಿ. ಅಲ್ಲಿ ಸಾಲಾಗಿ ನಂಬರುಗಳ ಫೋಲ್ಡರ್ ಇರುತ್ತವೆ. 25.2ರಿಂದ ಶುರುವಾಗುವವುಗಳಲ್ಲಿ ಕೊನೆಯದನ್ನು ತೆರೆದು, ವಿನ್ ಫೋಲ್ಡರಿಗೆ ಹೋಗಿ, 64-ಬಿಟ್ ಆದರೆ ಎಕ್ಸ್86-64, 32-ಬಿಟ್ ಆದರೆ ಬರೀ ಎಕ್ಸ್86 ಆರಿಸಿ. ಎಂಎಸ್‌ಐ ಅಂತ ಕೊನೆಯಾಗುವ ದೊಡ್ಡ ಫೈಲು ಬೇಕಾದದ್ದು, ಸುಮಾರು 350 ಎಂಬಿ. ಹೆಲ್ಪ್‌ಪ್ಯಾಕ್ ಅಂತ ಇರುವ ಚಿಕ್ಕ ಫೈಲುಗಳು ಬೇಡ. ಇಳಿಸಿದ ಫೈಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಶಾಲೆಯ ನಾಲ್ಕು ಕಂಪ್ಯೂಟರಿಗೂ ಅದೇ ಆಗುತ್ತದೆ, ಲೈಸೆನ್ಸ್ ಕಿರಿಕಿರಿ ಇಲ್ಲ.

ಡಬಲ್ ಕ್ಲಿಕ್ ಮಾಡಿದಾಗ ಟಿಪಿಕಲ್, ಕಸ್ಟಮ್ ಅಂತ ಕೇಳುತ್ತದೆ. ಕಸ್ಟಮ್ ಒತ್ತಿ. ಯೂಸರ್ ಇಂಟರ್‌ಫೇಸ್ ಲ್ಯಾಂಗ್ವೇಜಸ್ ಅನ್ನುವುದನ್ನು ಬಿಡಿಸಿ ಇಂಗ್ಲಿಷ್ ಮತ್ತು ಬೇಕಿದ್ದರೆ ಕನ್ನಡ ಇಟ್ಟುಕೊಳ್ಳಿ. ಮೆನುಗಳೂ ಕನ್ನಡದಲ್ಲಿ ಬರುತ್ತವೆ, ಆಸೆ ಇದ್ದರೆ ನೋಡಿ. ನನ್ನ ಮಟ್ಟಿಗೆ ಮೆನು ಇಂಗ್ಲಿಷ್‌ನಲ್ಲೇ ಇದ್ದರೆ ಅನುಕೂಲ. ನಾಳೆ ಏನಾದರೂ ಸಿಕ್ಕಿಹಾಕಿಕೊಂಡಾಗ ಫೋನಿನಲ್ಲಿ ಕೇಳಿದರೆ ಅತ್ತ ಕಡೆಯವರು ಹೇಳುವುದು ಟೂಲ್ಸ್, ಆಪ್ಷನ್ಸ್ ಅಂತಲೇ. ಡಿಕ್ಷನರಿಗಳಲ್ಲಿ ಸ್ಪ್ಯಾನಿಷ್ ಫ್ರೆಂಚ್ ಎಲ್ಲ ತೆಗೆದುಹಾಕಿ. ವರ್ಡ್, ಎಕ್ಸೆಲ್ ಫೈಲುಗಳನ್ನು ಇದರಲ್ಲೇ ತೆರೆಯಲಾ ಅಂತ ಕೇಳಿದರೆ ಹೌದು ಅನ್ನಿ. ಕೊನೆಯಲ್ಲಿ ಕಂಪ್ಯೂಟರ್ ಶುರುವಾದಾಗಲೇ ಲಿಬ್ರೆಆಫೀಸ್ ಲೋಡ್ ಆಗಲಾ ಅಂತ ಒಂದು ಚೌಕ ಇರುತ್ತದೆ. ರ‍್ಯಾಮ್ ಕಮ್ಮಿ ಇರುವವರು ಅದಕ್ಕೆ ಟಿಕ್ ಹಾಕಬೇಡಿ.

ವಿಂಡೋಸ್ 7ರಲ್ಲಿ ಹಾಕಿದ ಮೇಲೆ ತೆರೆಯಲು ಹೋದರೆ ಸಿಆರ್‌ಟಿ ರನ್‌ಟೈಮ್ ಅಂತ ಏನೋ ಡಿಎಲ್‌ಎಲ್ ಕಾಣೆಯಾಗಿದೆ ಅಂತ ಬೈದರೆ ಹೆದರಬೇಡಿ. ಮೈಕ್ರೋಸಾಫ್ಟಿನ ಕೆಬಿ2999226 ಅನ್ನುವ ಅಪ್‌ಡೇಟ್ ಬಾಕಿ ಇದೆ ಅಂತ ಅರ್ಥ. ಅದನ್ನು ಮೈಕ್ರೋಸಾಫ್ಟ್ ಸೈಟಿನಿಂದ ತಂದು ಹಾಕಿ, ರೀಸ್ಟಾರ್ಟ್ ಮಾಡಿ.

ಕನ್ನಡಕ್ಕೆ ಹದಗೊಳಿಸುವುದು

ಇಲ್ಲಿ ಸ್ವಲ್ಪ ನಿಧಾನ. ಲಿಬ್ರೆಆಫೀಸ್ ಬಿಟ್ಟು ಓಡಿಹೋಗುವ ಬಹಳ ಜನ ಇಲ್ಲೇ ಎಡವುವುದು.

ಟೂಲ್ಸ್‌ನಲ್ಲಿ ಆಪ್ಷನ್ಸ್ ತೆರೆಯಿರಿ. ಎಡಗಡೆ ಲ್ಯಾಂಗ್ವೇಜ್ ಸೆಟ್ಟಿಂಗ್ಸ್ ಅಂತ ಇರುತ್ತದೆ, ಹೊಸ ವರ್ಷನ್‌ಗಳಲ್ಲಿ ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್. ಅದರೊಳಗೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಚಿಕ್ಕದಾಗಿ ಸಿಟಿಎಲ್, ಕನ್ನಡದಂಥ ಲಿಪಿಗಳ ಲೆಕ್ಕ) ಅನ್ನುವ ಸಾಲಿಗೆ ಟಿಕ್ ಹಾಕಿ ಪಕ್ಕದಲ್ಲಿ ಕನ್ನಡ ಆರಿಸಿ. ಓಕೆ ಕೊಟ್ಟು ಮತ್ತೆ ಆಪ್ಷನ್ಸ್ ತೆರೆದರೆ ಲಿಬ್ರೆಆಫೀಸ್ ರೈಟರ್ ಕೆಳಗೆ ಬೇಸಿಕ್ ಫಾಂಟ್ಸ್ ಸಿಟಿಎಲ್ ಅಂತ ಒಂದು ಪುಟ ಇದೆ. ಅಲ್ಲಿ ಕನ್ನಡದ ಫಾಂಟು, ಸೈಜು ನಿಲ್ಲಿಸಿ. ವಿಂಡೋಸ್ 7ರಲ್ಲಿ ತುಂಗಾ ಇರುತ್ತದೆ, 8ರಿಂದ ಈಚೆಗೆ ನಿರ್ಮಲಾ ಯುಐ. ಎರಡೂ ಪತ್ರಕ್ಕೆ ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ ಅಂತ ನನ್ನ ಅಭಿಪ್ರಾಯ. ಗೂಗಲ್ ಫಾಂಟ್ಸ್‌ನಿಂದ ನೋಟೋ ಸೆರಿಫ್ ಕನ್ನಡ ಇಳಿಸಿಕೊಳ್ಳಿ, ಪುಕ್ಕಟೆ, ಪ್ರಿಂಟಿನಲ್ಲಿ ಅಂದವಾಗಿ ಬರುತ್ತದೆ.

ಇದನ್ನು ಮಾಡದಿದ್ದರೆ ಏನಾಗುತ್ತದೆ ಗೊತ್ತಾ? ಲಿಬ್ರೆಆಫೀಸ್ ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡಕ್ಕೆ ಇನ್ನೊಂದು ಫಾಂಟ್ ಅಂತ ಎರಡು ಲೆಕ್ಕ ಇಟ್ಟುಕೊಳ್ಳುತ್ತದೆ. ಸೈಜೂ ಎರಡು, ಬೋಲ್ಡೂ ಎರಡು. ಖಾಲಿ ಪುಟ ತೆರೆದು, ಕೀಬೋರ್ಡ್ ಇನ್ನೂ ಇಂಗ್ಲಿಷ್‌ನಲ್ಲೇ ಇರುವಾಗ ಮೇಲೆ ಸೈಜ್ 16 ಅಂತ ಹಾಕುತ್ತೀರಿ, ಆಮೇಲೆ ಕನ್ನಡಕ್ಕೆ ತಿರುಗಿಸಿ ಟೈಪ್ ಮಾಡುತ್ತೀರಿ, ಅಕ್ಷರ ಮಾತ್ರ ಚಿಕ್ಕದಾಗೇ ಬರುತ್ತದೆ. ಮೇಲೆ ನೋಡಿದರೆ ಈಗ 12 ಅಂತ ತೋರಿಸುತ್ತಿದೆ. ಕೆಟ್ಟು ಹೋಗಿದೆ ಅನ್ನಿಸುತ್ತದೆ, ಆದರೆ ಅದು ಕೆಟ್ಟಿಲ್ಲ. ನೀವು ಹಾಕಿದ 16 ಇಂಗ್ಲಿಷ್‌ನ ಖಾತೆಗೆ ಜಮಾ ಆಗಿದೆ ಅಷ್ಟೆ. ಕನ್ನಡದ ಸಾಲನ್ನು ಸೆಲೆಕ್ಟ್ ಮಾಡಿಕೊಂಡು ಸೈಜ್ ಬದಲಿಸಿ, ಆಗ ಸರಿಯಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಫಾರ್ಮ್ಯಾಟ್‌ನಲ್ಲಿ ಕ್ಯಾರೆಕ್ಟರ್ ತೆರೆಯಿರಿ, ವೆಸ್ಟರ್ನ್‌ದು ಬೇರೆ, ಕಾಂಪ್ಲೆಕ್ಸ್‌ದು ಬೇರೆ ಇರುತ್ತದೆ. ಬೇಸಿಕ್ ಫಾಂಟ್ಸ್ ಪುಟದಲ್ಲಿ ಒಮ್ಮೆ ನಿಲ್ಲಿಸಿಟ್ಟರೆ ದಿನಾ ಈ ಗೋಳಿಲ್ಲ.

ಟೈಪಿಂಗ್‌ಗೆ ವಿಂಡೋಸ್ 7ರಲ್ಲೇ ಇನ್‌ಸ್ಕ್ರಿಪ್ಟ್ (ಭಾರತದ ಭಾಷೆಗಳಿಗೆಲ್ಲ ಒಂದೇ ಥರ ಮಾಡಿದ ಕೀಲಿ ವಿನ್ಯಾಸ) ಕನ್ನಡ ಕೀಬೋರ್ಡ್ ಇದೆ. ಕಂಟ್ರೋಲ್ ಪ್ಯಾನೆಲ್, ರೀಜನ್ ಅಂಡ್ ಲ್ಯಾಂಗ್ವೇಜ್, ಚೇಂಜ್ ಕೀಬೋರ್ಡ್ಸ್, ಅಲ್ಲಿ ಆ್ಯಡ್ ಒತ್ತಿ ಕನ್ನಡ. ವಿಂಡೋಸ್ 10ರ 2019ರ ಮೇ ಅಪ್‌ಡೇಟ್ ಆದವರಿಗೆ ಕನ್ನಡ ಫೋನೆಟಿಕ್ ಕೂಡ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಬರುವುದು. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸಕ್ಕೆ ಕೈ ಪಳಗಿದವರು ನುಡಿಯನ್ನೇ ಹಾಕಿಕೊಳ್ಳಿ, ಆದರೆ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ, ಆರಿಸಿಕೊಂಡು ಟೈಪ್ ಮಾಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಳೇ ನುಡಿ ಫೈಲುಗಳು

ಹಳೇ ಮೆಷಿನ್ ಇರುವ ಕಡೆ ಹಳೇ ಫೈಲೂ ಇರುತ್ತವೆ. 2005ರ ಸಭೆಯ ನಡಾವಳಿ ತೆರೆದರೆ ಪರದೆ ತುಂಬಾ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಇರುವ ಎ, ಪೌಂಡ್ ಚಿಹ್ನೆ, ಏನೇನೋ. ಇದು ಲಿಬ್ರೆಆಫೀಸಿನ ತಪ್ಪಲ್ಲ. ಆ ಕಾಲದ ನುಡಿ, ಬರಹ ಅನ್ನುವ ಸಾಫ್ಟ್‌ವೇರುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಫಾಂಟ್ ಮಾಡಿದ್ದವು. ಫೈಲಿನೊಳಗೆ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರಗಳೇ, ಆ ಫಾಂಟ್ ಇದ್ದರೆ ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಎಂಎಸ್ ವರ್ಡಿನಲ್ಲಿ ತೆರೆದರೂ ಇದೇ ಕಥೆ.

ಸುಮ್ನೆ ಓದಿ ಪ್ರಿಂಟ್ ತೆಗೆಯುವುದಿದ್ದರೆ ಆ ಹಳೇ ಫಾಂಟ್ ಫೈಲನ್ನು ಹುಡುಕಿ ಹಾಕಿಕೊಳ್ಳಿ, ಸಾಕು. ತಿದ್ದುವುದು, ಹುಡುಕುವುದು, ವಾಟ್ಸಾಪಿಗೆ ಹಾಕುವುದು ಇದ್ದರೆ ಯುನಿಕೋಡ್‌ಗೆ ಬದಲಿಸಲೇಬೇಕು. ನುಡಿಯಲ್ಲೇ ಪರಿವರ್ತಕ ಇದೆ, ಆನ್‌ಲೈನಿನಲ್ಲೂ ಇವೆ. ಜನರ ಹೆಸರು, ಖಾತೆ ನಂಬರು ಇರುವ ಕಾಗದಗಳನ್ನು ಮಾತ್ರ ಆನ್‌ಲೈನ್ ಪರಿವರ್ತಕಕ್ಕೆ ಹಾಕಬೇಡಿ. ಇನ್ನೊಂದು, ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಲು ಹೋಗಿ ಕಲಸುಮೇಲೋಗರ ಆಗುತ್ತವೆ. ಅವನ್ನು ಕೈಯಲ್ಲೇ ಸರಿಮಾಡಬೇಕು. ಅರ್ಕಾವತ್ತು ಇರುವ ಪದಗಳನ್ನೂ ಒಮ್ಮೆ ಕಣ್ಣಾಡಿಸಿ. ಮೂಲ ಫೈಲನ್ನು ಅಳಿಸಬೇಡಿ.

ವೇಗ ಹೆಚ್ಚಿಸಲು ನಾಲ್ಕಾರು ತಿರುಪು

ಆಪ್ಷನ್ಸ್‌ನಲ್ಲಿ ಲಿಬ್ರೆಆಫೀಸ್ ಕೆಳಗೆ ಅಡ್ವಾನ್ಸ್ಡ್ ಪುಟ ತೆರೆದು ಜಾವಾ ಬಳಸು ಅನ್ನುವ ಟಿಕ್ ತೆಗೆಯಿರಿ. ಡೇಟಾಬೇಸ್ ಮತ್ತೆ ಒಂದೆರಡು ವಿಝಾರ್ಡ್ ಬಿಟ್ಟರೆ ಅದು ಯಾವುದಕ್ಕೂ ಬೇಡ, ತೆರೆಯುವುದು ಬೇಗ ಆಗುತ್ತದೆ. ತೆರೆ ಮಿಣಮಿಣ ಅಂದರೆ, ಸ್ಕ್ರೋಲ್ ಮಾಡಿದಾಗ ಅಕ್ಷರ ಹರಿದಂತೆ ಕಂಡರೆ, ಅಥವಾ ತೆರೆದ ಕೂಡಲೇ ಮುಚ್ಚಿಹೋದರೆ ಹಳೇ ಗ್ರಾಫಿಕ್ಸ್‌ಗೂ ಸ್ಕಿಯಾ ಅನ್ನುವ ಚಿತ್ರಿಸುವ ಭಾಗಕ್ಕೂ ಹೊಂದಿಕೆ ಇಲ್ಲ ಅಂತ ಅನುಮಾನಿಸಿ. ವ್ಯೂ ಪುಟದಲ್ಲಿ ಸ್ಕಿಯಾ ಟಿಕ್ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತೆರೆಯುವುದೇ ಇಲ್ಲ ಅಂದರೆ ಸ್ಟಾರ್ಟ್ ಮೆನುವಿನಲ್ಲಿ ಲಿಬ್ರೆಆಫೀಸ್ ಸೇಫ್ ಮೋಡ್ ಇದೆ, ಅದರಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಮಾಡಬಹುದು.

ವೇಗಕ್ಕೆ ಸಂಬಂಧ ಇಲ್ಲದಿದ್ದರೂ ಇನ್ನೊಂದನ್ನು ಇಲ್ಲೇ ಮಾಡಿಬಿಡಿ. ಲೋಡ್/ಸೇವ್‌ನ ಜನರಲ್ ಪುಟದಲ್ಲಿ ಆಟೋರಿಕವರಿ 10 ನಿಮಿಷ ಅಂತ ಇರುತ್ತದೆ, ಅದನ್ನು 3 ಅಥವಾ 5 ಮಾಡಿ. ಯುಪಿಎಸ್ ಬ್ಯಾಟರಿ ಸತ್ತಿರುವ ಡೆಸ್ಕ್‌ಟಾಪ್, ಮಳೆಗಾಲದ ಕರೆಂಟು, ಅರ್ಧ ಟೈಪ್ ಆದ ಅರ್ಜಿ. ಹೆಚ್ಚು ಹೇಳಬೇಕಾಗಿಲ್ಲ.

ವರ್ಡ್ 2007ರಿಂದ ಬಂದ, ಮೇಲೆ ಟ್ಯಾಬುಗಳಿರುವ ಬಟನ್ ಪಟ್ಟಿಗೆ ಒಗ್ಗಿಕೊಂಡವರಿಗೆ ವ್ಯೂ, ಯೂಸರ್ ಇಂಟರ್‌ಫೇಸ್, ಟ್ಯಾಬ್ಡ್ ಅಂತ ಆರಿಸಿದರೆ ಅದೇ ಥರ ಕಾಣುತ್ತದೆ. 2003ರಿಂದ ಮುಂದಕ್ಕೆ ಹೋಗದವರು ಏನೂ ಮುಟ್ಟಬೇಡಿ, ನಿಮಗೆ ಇದು ಮನೆಗೆ ಬಂದ ಹಾಗೇ ಇರುತ್ತದೆ.

ವರ್ಡ್ ಇರುವವರ ಜೊತೆ ವ್ಯವಹಾರ

ಅದೇ ಲೋಡ್/ಸೇವ್ ಜನರಲ್ ಪುಟದ ಕೆಳಗೆ ಯಾವಾಗಲೂ ಯಾವ ಮಾದರಿಯಲ್ಲಿ ಸೇವ್ ಮಾಡಬೇಕು ಅಂತ ಕೇಳುತ್ತದೆ. ಇದರ ಸ್ವಂತ ಮಾದರಿ ಓಡಿಟಿ. ನಿಮ್ಮ ಫೈಲುಗಳು ನಿಮ್ಮಲ್ಲೇ ಇರುವುದಾದರೆ ಓಡಿಟಿಯೇ ಇರಲಿ, ಅದೇ ಗಟ್ಟಿ. ದಿನಾ ಬೇರೆಯವರಿಗೆ ಕಳಿಸುವುದಾದರೆ ವರ್ಡ್‌ನ .docx ಮಾದರಿ ಆರಿಸಿ. ಸೇವ್ ಮಾಡುವಾಗ ವರ್ಡ್ ಮಾದರಿಯಲ್ಲೇ ಇಡಲಾ ಅಂತ ಒಂದು ಪ್ರಶ್ನೆ ಬರುತ್ತದೆ, ಹೌದು ಅಂದು ಮುಂದೆ ಹೋಗಿ.

ಇಂಗ್ಲಿಷ್ ಫಾಂಟುಗಳ ವಿಷಯದಲ್ಲಿ ಇವರು ಜಾಣತನ ಮಾಡಿದ್ದಾರೆ. ಕ್ಯಾಲಿಬ್ರಿ ಇಲ್ಲದ ಕಡೆ ಕಾರ್ಲಿಟೊ, ಟೈಮ್ಸ್ ನ್ಯೂ ರೋಮನ್ ಇಲ್ಲದ ಕಡೆ ಲಿಬರೇಷನ್ ಸೆರಿಫ್ ಕೂರುತ್ತದೆ. ಅಕ್ಷರದ ಅಗಲ ಒಂದೇ ಇರುವುದರಿಂದ ಸಾಲು ಆಚೀಚೆ ಆಗುವುದಿಲ್ಲ. ಕನ್ನಡಕ್ಕೆ ಈ ಅನುಕೂಲ ಇಲ್ಲ. ನೀವು ನೋಟೋದಲ್ಲಿ ಬರೆದು ಕಳಿಸಿದರೆ ಅವರ ಮೆಷಿನ್ನಿನಲ್ಲಿ ನಿರ್ಮಲಾ ಆಗಿ ತೆರೆದು ಒಂದು ಪುಟದ್ದು ಒಂದೂಕಾಲು ಪುಟ ಆಗಬಹುದು. ಫೈಲ್, ಪ್ರಾಪರ್ಟೀಸ್, ಫಾಂಟ್ ಅನ್ನುವ ಟ್ಯಾಬಿನಲ್ಲಿ ಫಾಂಟನ್ನು ಫೈಲಿನ ಜೊತೆಗೇ ಸೇರಿಸುವ ಟಿಕ್ ಇದೆ, ಹಾಕಿ. ಫೈಲ್ ದಪ್ಪ ಆಗುತ್ತದೆ, ಆಗಲಿ.

ಅವರು ತಿದ್ದುವುದು ಏನೂ ಇಲ್ಲ ಅಂದರೆ ಪಿಡಿಎಫ್ ಕಳಿಸಿ, ಮೇಲೇ ಬಟನ್ ಇದೆ. ಪಿಡಿಎಫ್ ಎಕ್ಸ್‌ಪೋರ್ಟಿನ ಆಯ್ಕೆಗಳಲ್ಲಿ ಹೈಬ್ರಿಡ್ ಅಂತ ಒಂದಿದೆ. ಅದನ್ನು ಆರಿಸಿದರೆ ಪಿಡಿಎಫ್‌ನ ಹೊಟ್ಟೆಯಲ್ಲೇ ತಿದ್ದಬಹುದಾದ ಮೂಲ ಫೈಲೂ ಇರುತ್ತದೆ. ಮುಂದಿನ ವರ್ಷ ಅದೇ ಪಿಡಿಎಫ್ ಲಿಬ್ರೆಆಫೀಸಿನಲ್ಲಿ ತೆರೆದು ದಿನಾಂಕ ಬದಲಿಸಬಹುದು. ವರ್ಷಕ್ಕೊಮ್ಮೆ ಅದೇ ನೋಟಿಸು ತೆಗೆಯುವ ಸಂಘ, ಶಾಲೆಗಳಿಗೆ ಇದು ಬಹಳ ಉಪಯೋಗ, ಯಾರಿಗೂ ಗೊತ್ತೇ ಇಲ್ಲ.

ಲೆಕ್ಕದ ಹಾಳೆ

ಕ್ಯಾಲ್ಕ್ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ, ಎಕ್ಸೆಲ್ ಗೊತ್ತಿದ್ದವರಿಗೆ ಇದು ಗೊತ್ತಾಗುತ್ತದೆ. ಎರಡೇ ಮಾತು. 125000 ಅನ್ನುವುದು 1,25,000 ಅಂತ ನಮ್ಮ ಲಕ್ಷದ ಲೆಕ್ಕದಲ್ಲಿ ಕಾಣಬೇಕಾದರೆ, ಸೆಲ್ಲುಗಳನ್ನು ಆರಿಸಿ ಫಾರ್ಮ್ಯಾಟ್ ಸೆಲ್ಸ್ ತೆರೆದು, ನಂಬರ್ಸ್‌ನಲ್ಲಿ ಲ್ಯಾಂಗ್ವೇಜ್ ಇಂಗ್ಲಿಷ್ ಇಂಡಿಯಾ ಮಾಡಿ, ಥೌಸಂಡ್ಸ್ ಸಪರೇಟರ್ ಟಿಕ್ ಹಾಕಿ. ಎರಡನೆಯದು, ಯಾವುದೋ ಸೈಟಿನಿಂದ ಇಳಿಸಿದ ಸಿಎಸ್‌ವಿ ಫೈಲಿನಲ್ಲಿ ಕನ್ನಡ ಹೆಸರುಗಳಿದ್ದರೆ ಅದನ್ನು ತೆರೆಯುವಾಗ ಬರುವ ಕಿಟಕಿಯಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಅಂತ ಆರಿಸಿ. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಕನ್ನಡವೆಲ್ಲ ಚಿತ್ರವಿಚಿತ್ರ ಗೀಟಾಗಿ ಕಂಡು ತಲೆ ಕೆಡಿಸಿಕೊಂಡವರು ಅದೇ ಫೈಲನ್ನು ಇದರಲ್ಲಿ ತೆರೆದು ನೋಡಿ. ಮ್ಯಾಕ್ರೋ (ಫೈಲಿನೊಳಗೇ ಇರುವ ಪುಟ್ಟ ಪ್ರೋಗ್ರಾಮ್) ತುಂಬಿದ ಸಂಬಳದ ಎಕ್ಸೆಲ್ ಫೈಲುಗಳು ಮಾತ್ರ ಇದರಲ್ಲಿ ಸರಿಯಾಗಿ ಓಡುತ್ತವೆ ಅಂತ ಭರವಸೆ ಇಟ್ಟುಕೊಳ್ಳಬೇಡಿ. ಗೊತ್ತಿಲ್ಲದವರು ಕಳಿಸಿದ ಫೈಲಿನ ಮ್ಯಾಕ್ರೋಗಳನ್ನು ಚಾಲೂ ಮಾಡಲೂ ಬೇಡಿ. 25.2ಕ್ಕೆ ಇನ್ನು ಸುರಕ್ಷತೆಯ ರಿಪೇರಿ ಬರುವುದಿಲ್ಲ, ಹಾಗಾಗಿ ಹಳೇ ವಿಂಡೋಸ್‌ನಲ್ಲಿ ಇರುವವರು ಈ ಎಚ್ಚರ ಜಾಸ್ತಿ ಇಟ್ಟುಕೊಳ್ಳಬೇಕು.

ಇಷ್ಟಕ್ಕೂ ಓಡದಿದ್ದರೆ

1 ಜಿಬಿ ರ‍್ಯಾಮ್, ಅಥವಾ ವಿಂಡೋಸೇ ಬೂಟ್ ಆಗಲು ಕಾಫಿ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುವ ಮೆಷಿನ್. ಇಂಥದ್ದಕ್ಕೆ ವಿಂಡೋಸ್ ಬದಲಿಗೆ ಹಾಕುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಒಂದೇ ದಾರಿ. 64-ಬಿಟ್ ಪ್ರೊಸೆಸರ್, 2ರಿಂದ 4 ಜಿಬಿ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಲಿಬ್ರೆಆಫೀಸ್ ಅದರಲ್ಲೇ ಇರುತ್ತದೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲೇ, 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಇಂಟರ್ನೆಟ್ ಬಳಸುವವರಿಗೆ ಇದು ಹೇಗೂ ಒಳ್ಳೆಯದೇ. 32-ಬಿಟ್ ಪ್ರೊಸೆಸರ್ ಇದ್ದರೆ ಆಯ್ಕೆ ಕಡಿಮೆ. ಡೆಬಿಯನ್ ಅನ್ನುವ ಹಳೇ ಹೆಸರಾಂತ ಲಿನಕ್ಸ್ ಕೂಡ 2025ರ ತನ್ನ 13ನೇ ಆವೃತ್ತಿಯಿಂದ 32-ಬಿಟ್ ಇನ್‌ಸ್ಟಾಲರ್ ಕೊಡುತ್ತಿಲ್ಲ. ಆಂಟಿಎಕ್ಸ್ ಅನ್ನುವ ಹಗುರ ಲಿನಕ್ಸ್ ನೋಡಿ.

ಅಂಥ ಮೆಷಿನ್ನಿನಲ್ಲಿ ಲಿಬ್ರೆಆಫೀಸೂ ಭಾರ ಅನ್ನಿಸಿದರೆ ಪತ್ರಕ್ಕೆ ಅಬಿವರ್ಡ್, ಲೆಕ್ಕಕ್ಕೆ ನ್ಯೂಮೆರಿಕ್. ಎರಡೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ತೆರೆಯುತ್ತವೆ, ಲಿನಕ್ಸ್‌ನಲ್ಲಿ ಕನ್ನಡವೂ ಮೂಡುತ್ತದೆ. ವಿಂಡೋಸ್‌ಗೆ ಇವುಗಳನ್ನು ಮಾಡುವುದನ್ನು ನಿಲ್ಲಿಸಿ ವರ್ಷಗಳಾದವು, ಅಲ್ಲಿ ಹುಡುಕಬೇಡಿ. ಅಬಿವರ್ಡಿನಲ್ಲಿ ಬೇರೆಯವರ ವರ್ಡ್ ಫೈಲ್ ತೆರೆದರೆ ಟೇಬಲ್ಲುಗಳು ಚೆಲ್ಲಾಪಿಲ್ಲಿ ಆಗಬಹುದು, ನಿಮ್ಮದೇ ಪತ್ರ ಬರೆಯಲು ಮಾತ್ರ ಇಟ್ಟುಕೊಳ್ಳಿ.

ಲಿನಕ್ಸ್‌ನಲ್ಲಿ ಕನ್ನಡ ಟೈಪಿಂಗ್‌ಗೆ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ, ಪಟ್ಟಿಯಲ್ಲಿ ಕನ್ನಡ ಕೆಜಿಪಿ ಆರಿಸಿ. ನುಡಿಯ ಕೀಲಿಮಣೆಯೇ ಅದು, ಕೈ ಹೊಸದಾಗಿ ಕಲಿಯಬೇಕಾಗಿಲ್ಲ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಅಲ್ಲೇ ಸಿಗುತ್ತವೆ.

ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಲೈವ್ ಆಗಿ ಓಡಿಸಿ ನೋಡಿ. ವೈಫೈ ಬಂತಾ, ಸೌಂಡ್ ಬಂತಾ, ಎಲ್ಲಕ್ಕಿಂತ ಮುಖ್ಯವಾಗಿ ಪ್ರಿಂಟರ್ ಬಂತಾ. ನಮ್ಮ ಕಡೆ ಆಫೀಸು, ಝೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಇರುವ ಕ್ಯಾನನ್ ಎಲ್‌ಬಿಪಿ2900 ಲಿನಕ್ಸ್‌ನಲ್ಲಿ ಚುಚ್ಚಿದ ತಕ್ಷಣ ಓಡುವುದಿಲ್ಲ, ಅದರದ್ದೇ ಡ್ರೈವರ್ ಹಾಕಲು ಒದ್ದಾಡಬೇಕು. ಎಚ್‌ಪಿಯ ಹಳೇ ಲೇಸರ್‌ಜೆಟ್‌ಗಳಲ್ಲಿ ಬಹಳಷ್ಟು ಸಲೀಸಾಗಿ ಬರುತ್ತವೆ. ಪ್ರಿಂಟರ್ ಹಟ ಮಾಡಿದರೆ, ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬೇರೆ ಮೆಷಿನ್ನಿನಿಂದ ತೆಗೆಯುವುದು ನಿಮಗೆ ಒಪ್ಪಿಗೆಯಾ ಅಂತ ಯೋಚಿಸಿ. ಒಪ್ಪಿಗೆ ಆದರೆ ಫೈಲುಗಳನ್ನೆಲ್ಲ ಇನ್ನೊಂದು ಕಡೆ ಕಾಪಿ ಮಾಡಿಟ್ಟು, ಒಂದೆರಡು ಫೈಲನ್ನು ಅಲ್ಲಿಂದಲೇ ತೆರೆದು ನೋಡಿ, ಆಮೇಲೆ ಇನ್‌ಸ್ಟಾಲ್ ಒತ್ತಿ.